ಕಾರಿಗೆ ನೆಲೆಯುಂಟು, ಕೆಲಸಗಾರನಿಗೆ?

ಅಹಮದಾಬಾದು ಬೆಳೆಯುತ್ತಿದೆ, ಬೆಳೆಯುವ ಊರಿಗೆ ಪಾರ್ಕಿಂಗಿನ ಯೋಜನೆ ಬೇಕೇ ಬೇಕು ಎಂಬ ಮಾತು ಕಾರ್ಪೊರೇಶನ್ನಿನ ಸಭೆಯಲ್ಲಿ, ವ್ಯಾಪಾರಿಗಳ ಮಂಡಲಿಯಲ್ಲಿ, ನಮ್ಮ ಹೋಟೆಲು ಮಾಲಕರ ಬಾಯಲ್ಲಿ ಒಂದೇ ಸಮನೆ ಕೇಳಿಬರುತ್ತಿದೆ. ಬೇಕು, ಯಾರು ಬೇಡವೆಂದರು? ನಾವು ಕೇಳುವುದಿಷ್ಟೇ: ಈ ಯೋಜನೆ ಯಾರ ಲೆಕ್ಕ ಹಿಡಿದು? ಹೋಟೆಲಿಗೆ ಕಾರಿನಲ್ಲಿ ಬಂದು ಒಂದು ಗಂಟೆ ಕೂತು ಹೋಗುವವನ ಲೆಕ್ಕ ನಕಾಶೆಯಲ್ಲಿದೆ. ಅದೇ ಹೋಟೆಲಿಗೆ ಬೆಳಿಗ್ಗೆ ಐದಕ್ಕೆ ಸೈಕಲು ತುಳಿದು ಬಂದು, ರಾತ್ರಿ ಹನ್ನೊಂದೂವರೆಗೆ ಕಡಾಯಿ ತೊಳೆದಿಟ್ಟು ಹೋಗುವವನ ಲೆಕ್ಕ ಯಾವ ನಕಾಶೆಯಲ್ಲಿದೆ?

ಬೋಪಾಲನ್ನೇ ನೋಡಿರಿ. ಮಧ್ಯಪ್ರದೇಶದ ಭೋಪಾಲವಲ್ಲ, ಊರಿನಿಂದ ಹೊಸದಾಗಿ ಬಂದ ಹುಡುಗರು ‘ನಾಳೆಯಿಂದ ಬೋಪಾಲಿನ ಬ್ರಾಂಚಿಗೆ ಹೋಗು’ ಎಂದಾಗ ರೈಲು ಟಿಕೇಟಿನ ಚಿಂತೆಗೆ ಬೀಳುವುದುಂಟು. ನಾವು ಹೇಳುವ ಬೋಪಾಲು ಅಹಮದಾಬಾದಿನ ಪಶ್ಚಿಮಕ್ಕೆ, ಸರದಾರ ಪಟೇಲ್ ರಿಂಗ್ ರೋಡಿಗೆ ತಾಗಿ ಇರುವ ಊರು. ಹಿಂದೆ ಹಳ್ಳಿ, ಆಮೇಲೆ ನಗರಪಾಲಿಕೆ, 2020ರಲ್ಲಿ ಘೂಮಾದೊಡನೆ ಅಹಮದಾಬಾದ್ ಕಾರ್ಪೊರೇಶನ್ನಿನ ಹೊಟ್ಟೆಗೆ ಸೇರಿತು. ಹೊಲವಿದ್ದಲ್ಲಿ ಇಂದು ಹತ್ತು ಹನ್ನೆರಡು ಮಾಳಿಗೆಯ ಕಟ್ಟಡಗಳು. ಅವುಗಳ ಕೆಳಗೆ ಸಾಲು ಸಾಲು ಅಂಗಡಿ, ಆ ಸಾಲಿನಲ್ಲಿ ದೋಸೆ ಇಡ್ಲಿಯ ಹೋಟೆಲು, ಹೋಟೆಲಿನ ಹಿಂಬದಿಯಲ್ಲಿ ನಮ್ಮ ಕುಂದಾಪುರದ, ಕಾರ್ಕಳದ, ಘಟ್ಟದ ಮೇಲಿನ ಹುಡುಗರು. ದಕ್ಷಿಣ ಬೋಪಾಲಿನಲ್ಲಿ ಇನ್ನೂ ಕಟ್ಟಡ ಏಳುತ್ತಲೇ ಇದೆ. ಕಟ್ಟಿ ಮುಗಿದ ಹಳೆಯ ಪೇಟೆಯಲ್ಲಿ ಸರಿಪಡಿಸುವುದು ಕಷ್ಟವೆಂದು ಹೇಳಿದರೆ ನಾವೂ ತಲೆಯಾಡಿಸುತ್ತಿದ್ದೆವು. ಇಲ್ಲಿ ಹಾಗೆ ಹೇಳುವಂತಿಲ್ಲ.

ಗುಜರಾತಿನಲ್ಲಿ ಹೊಸ ಬಡಾವಣೆ ಏಳುವ ಕ್ರಮ ನಮ್ಮ ಕಡೆಯಂತಲ್ಲ. ಇಲ್ಲಿ ಟಿ.ಪಿ. ಸ್ಕೀಮು ಎಂಬ ಪದ್ಧತಿಯುಂಟು. 1976ರ ನಗರ ಯೋಜನಾ ಕಾಯಿದೆಯ ಪ್ರಕಾರ ರೈತರ ಹೊಲಗಳನ್ನೆಲ್ಲ ಒಟ್ಟುಗೂಡಿಸಿ, ಪ್ರತಿಯೊಬ್ಬನಿಂದ ಒಂದು ಪಾಲು ಹಿಡಿದುಕೊಂಡು, ಉಳಿದುದನ್ನು ನೇರ ಗೆರೆಯ ನಿವೇಶನವಾಗಿ ಅವನಿಗೇ ಮರಳಿಸುತ್ತಾರೆ. ಹಿಡಿದುಕೊಂಡ ಪಾಲು ಎಲ್ಲಿಗೆ ಹೋಗಬೇಕೆಂಬುದನ್ನೂ ಕಾಯಿದೆಯೇ ಸೂಚಿಸಿದೆ: ಒಟ್ಟು ನೆಲದಲ್ಲಿ ರಸ್ತೆಗೆ ಶೇಕಡಾ 15, ಉದ್ಯಾನ ಬಯಲುಗಳಿಗೆ 5, ಶಾಲೆ ದವಾಖಾನೆ ಮುಂತಾದವಕ್ಕೆ 5, ಖರ್ಚು ತುಂಬಿಸಿಕೊಳ್ಳಲು ಮಾರುವುದಕ್ಕೆ 15, ದುರ್ಬಲ ವರ್ಗದವರ ವಸತಿಗೆ 10. ಸ್ಥಳಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಲು ಅವಕಾಶವಿದ್ದರೂ ಕಾಗದದ ಮೇಲೆ ಇದು ಒಳ್ಳೆಯ ಕಾಯಿದೆ. ನಾವು ಅದನ್ನು ಹೊಗಳಲು ಹಿಂಜರಿಯುವುದಿಲ್ಲ.

ಆದರೆ ಆ ಹದಿನೈದು ಪಾಲಿನ ರಸ್ತೆ ಸಂಜೆ ಏಳರ ಮೇಲೆ ಏನಾಗುತ್ತದೆ? ಎರಡೂ ಬದಿಗೆ ಕಾರು, ಕಾರಿನ ಹಿಂದೆ ಮೋಟಾರು ಸೈಕಲು, ಫುಟ್‌ಪಾತಿನ ಮೇಲೆ ಸ್ಕೂಟರು. ರೈತ ಬಿಟ್ಟುಕೊಟ್ಟದ್ದು ಊರವರೆಲ್ಲ ನಡೆದಾಡಲೆಂದು. ಅನುಭವಿಸುವವನು ಗಾಡಿ ನಿಲ್ಲಿಸಿ ಊಟಕ್ಕೆ ಹೋದವನು. ಕೆಲಸ ಬಿಟ್ಟು ಬರುವ ಹುಡುಗ ಆ ಕಾರುಗಳ ಹೊರಮೈಗೆ ಅಂಟಿಕೊಂಡು, ಬಸ್ಸು ಟೆಂಪೋಗಳ ನಡುವೆ ಜೀವ ಕೈಯಲ್ಲಿ ಹಿಡಿದು ನಡೆಯಬೇಕು. ದುರ್ಬಲ ವರ್ಗದ ಹತ್ತು ಪಾಲಿನ ಕಥೆ ಬೇರೆಯೇ. ಬೋಪಾಲಿನಲ್ಲಿ ದುಡಿಯುವ ನಮ್ಮವರಲ್ಲಿ ಬೋಪಾಲಿನಲ್ಲೇ ಖೋಲಿ ಹಿಡಿದವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ಈಗ ಅಳತೆಯ ಮಾತಿಗೆ ಬರೋಣ. ಒಂದು ಕಾರು ನಿಲ್ಲಿಸಲು ಎಷ್ಟು ನೆಲ ಬೇಕು? ಕಾರಿನ ಮೈಯಷ್ಟೇ ಅಲ್ಲ, ಒಳಗೆ ಬರುವ ಹೊರಗೆ ಹೋಗುವ ದಾರಿಯೂ ಸೇರಬೇಕು. ದಿಲ್ಲಿಯ ಮಾಸ್ಟರ್ ಪ್ಲಾನು ಬಯಲಿನಲ್ಲಾದರೆ ಒಂದು ಕಾರಿಗೆ 23 ಚದರ ಮೀಟರು, ಕಟ್ಟಡದ ಕಂಬಗಳ ಕೆಳಗಾದರೆ 28, ನೆಲಮಾಳಿಗೆಯಲ್ಲಾದರೆ 32 ಎಂದು ಲೆಕ್ಕ ಹಾಕಿದೆ. ಇನ್ನು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಅತ್ಯಂತ ಬಡ ಕುಟುಂಬದ ಮನೆಗೆ ಗೊತ್ತುಪಡಿಸಿದ ಅಳತೆ ಎಷ್ಟು? 30 ಚದರ ಮೀಟರಿನ ವರೆಗೆ. ಓದುಗರು ಇನ್ನೊಮ್ಮೆ ಓದಬೇಕು. ಗಂಡ ಹೆಂಡತಿ ಮಕ್ಕಳು ಮುದುಕಿ ತಾಯಿ ಎಲ್ಲರೂ ಸೇರಿ ಬಾಳಲು ಮೂವತ್ತು. ನೆಲಮಾಳಿಗೆಯಲ್ಲಿ ಒಂದು ಕಾರು ಸುಮ್ಮನೆ ನಿಲ್ಲಲು ಮೂವತ್ತೆರಡು! ಆ ಕಾರಾದರೂ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ? ಒಂದು ಗಂಟೆ, ಹೆಚ್ಚೆಂದರೆ ಎರಡು. ಉಳಿದ ಹೊತ್ತೆಲ್ಲ ನಿದ್ರೆ. ಮತ್ತು ಈ ಕಾರು ಎಷ್ಟು ಮನೆಗಳಲ್ಲಿದೆ? 2011ರ ಜನಗಣತಿಯ ಹೊತ್ತಿಗೆ ದೇಶದ ನೂರು ಮನೆಗಳಲ್ಲಿ ಐದರಲ್ಲಿಯೂ ಕಾರಿರಲಿಲ್ಲ. ಸೈಕಲು ಇದ್ದದ್ದು ನಲವತ್ತೈದರಲ್ಲಿ. ಆ ಬಳಿಕ ಕಾರು ಹೆಚ್ಚಿದೆ ನಿಜ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಅದು ನೂರಕ್ಕೆ ಎಂಟರ ಆಸುಪಾಸಿಗಷ್ಟೇ ಬಂದಿತ್ತು. ಬೋಪಾಲಿನಂಥ ಉಳ್ಳವರ ಬಡಾವಣೆಯಲ್ಲಿ ಇದಕ್ಕಿಂತ ಬಹಳ ಹೆಚ್ಚಿರಬಹುದು. ಆದರೆ ಆ ಮನೆಗಳ ಅಡುಗೆ, ಕಸ, ಪಾತ್ರೆ, ಕಾವಲು, ಊಟ ತಿಂಡಿ ನಡೆಸುವವರು ಕಾರಿನಲ್ಲಿ ಬರುವುದಿಲ್ಲ.

ಕಟ್ಟಡ ಕಟ್ಟುವಾಗ ಇಷ್ಟು ಚದರ ಮೀಟರಿಗೆ ಇಷ್ಟು ಪಾರ್ಕಿಂಗು ಬಿಡಬೇಕೆಂದು ನಿಯಮವಿದೆ. ಬಿಲ್ಡರು ನಕಾಶೆಯಲ್ಲಿ ಬಿಡುತ್ತಾನೆ. ಕಟ್ಟಡ ಮುಗಿದ ಮೇಲೆ ಆ ಜಾಗ ಗೋದಾಮಾಗುತ್ತದೆ, ಅಂಗಡಿಯಾಗುತ್ತದೆ, ಇಲ್ಲವೇ ಬೇರೆಯಾಗಿ ಮಾರಾಟವಾಗುತ್ತದೆ. ಮಾರಾಟ ಕೂಡದೆಂದು ಮುಂಬಯಿಯ ದಹಿಸರಿನ ಒಂದು ಹೌಸಿಂಗ್ ಸೊಸೈಟಿಯ ದಾವೆಯಲ್ಲಿ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿತು. ಕಂಬಗಳ ಕೆಳಗಿನ ಜಾಗ ಸೊಸೈಟಿಯ ಎಲ್ಲರದು, ಬಿಲ್ಡರನ ಸ್ವತ್ತಲ್ಲ. ಇಷ್ಟಾದರೂ ಗುಜರಾತಿನಲ್ಲಿ ಏನು ನಡೆಯಿತು? ಅನಧಿಕೃತ ಕಟ್ಟಡಗಳನ್ನು ಶುಲ್ಕ ಪಡೆದು ಸಕ್ರಮಗೊಳಿಸಲು 2011ರಲ್ಲಿ ಒಂದು ಕಾಯಿದೆ, 2022ರಲ್ಲಿ ಮತ್ತೊಂದು. ಇದಕ್ಕೆ ಇಂಪ್ಯಾಕ್ಟ್ ಫೀ ಎಂದು ಹೆಸರು. ಪಾರ್ಕಿಂಗು ಕಡಿಮೆ ಬಿದ್ದರೆ ಆ ಕೊರತೆಯ ಒಂದಂಶಕ್ಕೂ ಹಣ ಕಟ್ಟಿ ಪಾರಾಗಬಹುದು. ಬಿಲ್ಡರು ತಪ್ಪಿದರೆ ರಶೀದಿ ಸಿಗುತ್ತದೆ. ಅದೇ ಕಟ್ಟಡದ ಎದುರು ಲಾರಿ ಇಟ್ಟುಕೊಂಡವನು ತಪ್ಪಿದರೆ? (ಇಲ್ಲಿ ‘ಲಾರಿ’ ಎಂದರೆ ತಳ್ಳುಗಾಡಿ, ನಮ್ಮ ಆರು ಚಕ್ರದ ಲಾರಿಯಲ್ಲ.) ಅವನ ಗಾಡಿಯನ್ನೇ ಎತ್ತಿ ಕಾರ್ಪೊರೇಶನ್ನಿನ ಟ್ರಕ್ಕಿಗೆ ಹಾಕುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಊರಿನ ಜನಸಂಖ್ಯೆಯ ಶೇಕಡಾ ಎರಡೂವರೆಯಷ್ಟು ವ್ಯಾಪಾರಿಗಳಿಗೆ ಜಾಗ ಕಲ್ಪಿಸಲು ಹೇಳುತ್ತದೆ. ಆ ಕಾಯಿದೆ ಟ್ರಕ್ಕಿನವರಿಗೆ ಗೊತ್ತಿದೆಯೋ ಇಲ್ಲವೋ!

ನಮ್ಮ ಸದಸ್ಯರಿಗೆ ಅತಿ ಹತ್ತಿರದ ಮಾತು ಇನ್ನು ಮುಂದಿನದು. 2018ರ ಮಳೆಗಾಲದಲ್ಲಿ ರಸ್ತೆ, ಟ್ರಾಫಿಕ್ಕು, ಅಕ್ರಮ ಪಾರ್ಕಿಂಗಿನ ವಿಷಯವಾಗಿ ಗುಜರಾತ್ ಹೈಕೋರ್ಟು ಕಾರ್ಪೊರೇಶನ್ನನ್ನೂ ಪೊಲೀಸರನ್ನೂ ತರಾಟೆಗೆ ತೆಗೆದುಕೊಂಡಿತು. ಕೋರ್ಟಿನ ಮಾತು ನ್ಯಾಯವಾದದ್ದೇ. ಕಾರ್ಪೊರೇಶನ್ನು ಒಮ್ಮೆಲೆ ಎದ್ದು ಕೂತು ಒತ್ತುವರಿ ಒಡೆಯಿತು, ಪಾರ್ಕಿಂಗಿನ ಜಾಗವನ್ನು ಬೇರೆ ಕೆಲಸಕ್ಕೆ ಬಳಸಿದ ಕಟ್ಟಡಗಳಿಗೆ ಸೀಲು ಹಾಕಿತು. ಅಂಥ ಸೀಲು ಆಮೇಲೂ ಆಗಾಗ ಬೀಳುತ್ತಲೇ ಇದೆ. ಹೋಟೆಲಿನ ಬಾಗಿಲಿಗೆ ಸೀಲು ಬಿದ್ದರೆ ಮಾಲಕ ವಕೀಲನ ಬಳಿಗೆ ಹೋಗುತ್ತಾನೆ. ಸಪ್ಲಾಯರು, ಕ್ಲೀನರು, ದೋಸೆ ಭಟ್ಟರು ಎಲ್ಲಿಗೆ ಹೋಗಬೇಕು? ಮುಚ್ಚಿದ ದಿನಗಳ ಪಗಾರವಿಲ್ಲ. ‘ತೆರೆದ ಮೇಲೆ ಫೋನು ಮಾಡುತ್ತೇನೆ’ ಎಂಬ ಒಂದು ಮಾತು. ಫೋನು ಬರುವ ಹೊತ್ತಿಗೆ ಅವರ ಜಾಗದಲ್ಲಿ ಕಡಿಮೆ ಪಗಾರದ ಬೇರೆ ಹುಡುಗರು.

ಅಷ್ಟೇ ಆಗಿದ್ದರೆ ತಾಳಬಹುದಿತ್ತು. ಪಾರ್ಕಿಂಗಿಗೆಂದು ಮಂಜೂರಾದ ನೆಲಮಾಳಿಗೆಯಲ್ಲಿ ಏನಿರುತ್ತದೆ ಎಂಬುದು ಹೋಟೆಲಿನಲ್ಲಿ ದುಡಿದವರಿಗೆಲ್ಲ ಗೊತ್ತು. ಅಕ್ಕಿ ಬೇಳೆಯ ಮೂಟೆ, ರುಬ್ಬುವ ಯಂತ್ರ, ಗ್ಯಾಸಿನ ಸಿಲಿಂಡರು, ಅವುಗಳ ನಡುವೆ ನಮ್ಮ ಹುಡುಗರ ಹಾಸಿಗೆ. ಕಿಟಕಿಯಿಲ್ಲ, ಒಂದು ಪಂಖ, ಗೋಡೆಗೆ ಹೊಡೆದ ಮೊಳೆಯಲ್ಲಿ ಅಂಗಿ, ಟ್ರಂಕಿನ ಮೇಲೆ ದೇವರ ಪಟ. ಸೀಲು ಹಾಕಲು ಬಂದ ಅಧಿಕಾರಿ ಇದನ್ನೆಲ್ಲ ನೋಡಿ ‘ಪಾರ್ಕಿಂಗಿನ ದುರುಪಯೋಗ’ ಎಂದು ಬರೆದುಕೊಳ್ಳುತ್ತಾನೆ. ಕಾರು ಇರಬೇಕಾದಲ್ಲಿ ಮನುಷ್ಯರಿದ್ದಾರೆ, ಆದುದರಿಂದ ಅಪರಾಧ! ಅಧಿಕಾರಿಯನ್ನು ನಾವು ದೂರುವುದಿಲ್ಲ. ಸಿಲಿಂಡರುಗಳ ಮಗ್ಗುಲಲ್ಲಿ ಮಲಗುವುದು ಸಾವಿನ ಮಗ್ಗುಲಲ್ಲಿ ಮಲಗಿದಂತೆ, ಅದು ನಿಲ್ಲಲೇಬೇಕು. ಆದರೆ ಆ ನೆಲಮಾಳಿಗೆಯಿಂದ ಹೊರಟ ಹುಡುಗರಿಗೆ ಬೇರೆ ಕೋಣೆ ಯಾರ ಹೊಣೆ? ನೋಟೀಸಿನಲ್ಲಿ ಆ ವಿಷಯಕ್ಕೆ ಒಂದು ಸಾಲೂ ಇರುವುದಿಲ್ಲ. ಮಾಲಕರು ಬೇರೆ ಕೋಣೆ ಹಿಡಿಯದೆ ಉಳಿಸಿದ ಬಾಡಿಗೆಯೇ ಈ ದುರುಪಯೋಗದ ಮೂಲ. ಕಾರ್ಪೊರೇಶನ್ನು ಕಾರಿನ ಜಾಗವನ್ನು ಕಾರಿಗೆ ಮರಳಿ ಕೊಡಿಸುತ್ತದೆ. ನಮ್ಮವರ ಹಾಸಿಗೆ ಮಾತ್ರ ಫುಟ್‌ಪಾತಿಗೆ ಬರುತ್ತದೆ. ಅಲ್ಲಿಯೂ ಸ್ಕೂಟರುಗಳಿವೆ.

ಮಾಲಕರು ಹೇಳುವ ಮಾತೊಂದುಂಟು. ‘ಗಿರಾಕಿ ಗಾಡಿಯಲ್ಲಿ ಬರುತ್ತಾನೆ. ನಿಲ್ಲಿಸಲು ಜಾಗವಿಲ್ಲದಿದ್ದರೆ ಮುಂದಿನ ಹೋಟೆಲಿಗೆ ಹೋಗುತ್ತಾನೆ. ವ್ಯಾಪಾರ ಬಿದ್ದರೆ ನಿಮ್ಮ ಅನ್ನಕ್ಕೇ ಕಲ್ಲು.’ ಇದನ್ನು ನಾವು ತಳ್ಳಿಹಾಕುವುದಿಲ್ಲ. ಬೋಪಾಲಿನಲ್ಲಿ ರಾತ್ರಿ ಊಟಕ್ಕೆ ಸಂಸಾರ ಸಮೇತ ಬರುವವರು ಹೆಚ್ಚಾಗಿ ಗಾಡಿಯವರೇ. ಆದರೆ ಈ ಗಾಡಿಗಳ ಉಪಚಾರ ಯಾರ ಮೈಮೇಲೆ ಬಂದಿದೆ? ಟೇಬಲು ಒರೆಸುತ್ತಿದ್ದ ಹುಡುಗನ ಕೈಗೆ ಸೀಟಿ ಕೊಟ್ಟು ಹೊರಗೆ ನಿಲ್ಲಿಸುತ್ತಾರೆ. ಪಗಾರ ಕ್ಲೀನರದು, ಕೆಲಸ ಕಾವಲಿನದು. ಕಾರಿಗೆ ಗೀರು ಬಿದ್ದರೆ ಬೈಗುಳು ಅವನಿಗೆ, ಟ್ರಾಫಿಕ್ ಪೊಲೀಸಿನವನು ಬಂದರೆ ಓಡಬೇಕಾದವನೂ ಅವನೇ. ಹುಡುಗ ಹೊರಗೆ ನಿಂತಷ್ಟು ಹೊತ್ತು ಒಳಗಿನವರ ಕೆಲಸ ದುಪ್ಪಟ್ಟು.

‘ಉಚಿತ ಪಾರ್ಕಿಂಗ್’ ಎಂದು ಹಲಗೆ ತೂಗಿಸುವುದು ಈಗ ಮರ್ಯಾದೆಯ ವಿಷಯವಾಗಿದೆ. ಮಾಲುಗಳೂ ಸಿನೆಮಾ ಮಂದಿರಗಳೂ ಗಿರಾಕಿಗಳಿಂದ ಪಾರ್ಕಿಂಗಿನ ದುಡ್ಡು ಕೀಳಬಾರದೆಂದು ಗುಜರಾತ್ ಹೈಕೋರ್ಟು 2019ರಲ್ಲಿ ತೀರ್ಪಿತ್ತಿತು. ಕಟ್ಟಡದ ನಿಯಮದ ಪ್ರಕಾರ ಬಿಡಬೇಕಾದ ಜಾಗವನ್ನು ಬಾಡಿಗೆಗೆ ಕೊಡುವ ಹಕ್ಕು ಅವರಿಗಿಲ್ಲವೆಂಬುದು ಅದರ ಸಾರ. ಮಾಲಿನವರ ದುರಾಸೆಗೆ ಅದು ತಕ್ಕ ಪೆಟ್ಟು. ಆದರೂ ಉಚಿತವೆಂಬುದು ಜಗತ್ತಿನಲ್ಲಿಲ್ಲ. ನೆಲಕ್ಕೆ ಕ್ರಯವುಂಟು, ಸಿಮೆಂಟಿಗೆ ಕ್ರಯವುಂಟು. ಅದು ಅಂಗಡಿಯ ಬಾಡಿಗೆಗೆ ಸೇರುತ್ತದೆ, ಬಾಡಿಗೆ ದೋಸೆಯ ಬೆಲೆಗೆ ಸೇರುತ್ತದೆ. ನಡೆದು ಬಂದು ದೋಸೆ ತಿಂದವನು ಕಾರಿನವನ ಪಾರ್ಕಿಂಗಿನ ಪಾಲನ್ನೂ ಕಟ್ಟಿ ಹೋಗುತ್ತಾನೆ. ದೋಸೆಗೆ ಸೇರಿ ಉಳಿದದ್ದು ನಮ್ಮ ಪಗಾರದಿಂದ ಕಳೆದುಹೋಗುತ್ತದೆ. ‘ಬಾಡಿಗೆ ಜಾಸ್ತಿಯಪ್ಪಾ, ಈ ವರ್ಷ ಹೆಚ್ಚಿಸಲಾಗದು’ ಎಂಬ ರಾಗವನ್ನು ಕೇಳದ ಸದಸ್ಯನಿದ್ದರೆ ಕೈ ಎತ್ತಲಿ.

ಬೇರೆ ದೇಶದವರೇನು ಮಾಡಿದರು? ಜಪಾನಿನಲ್ಲಿ 1962ರಿಂದ ಕಾಯಿದೆಯಿದೆ: ಕಾರು ನಿಲ್ಲಿಸಲು ಸ್ವಂತದ್ದೋ ಬಾಡಿಗೆಯದೋ ಜಾಗವಿದೆಯೆಂದು ತೋರಿಸದವನು ಕಾರನ್ನು ನೋಂದಾಯಿಸುವಂತಿಲ್ಲ. ಮೆಕ್ಸಿಕೋ ನಗರ 2017ರಲ್ಲಿ ಪ್ರತಿ ಕಟ್ಟಡಕ್ಕೂ ಕನಿಷ್ಠ ಇಷ್ಟು ಪಾರ್ಕಿಂಗು ಇರಲೇಬೇಕೆಂಬ ನಿಯಮವನ್ನೇ ತಲೆಕೆಳಗು ಮಾಡಿ, ಇಷ್ಟಕ್ಕಿಂತ ಹೆಚ್ಚು ಕೂಡದೆಂದಿತು. ನಮ್ಮ ಕೇಂದ್ರ ಸರಕಾರದ 2006ರ ನಗರ ಸಾರಿಗೆ ನೀತಿಯಲ್ಲಿಯೂ ನೆಲದ ಬೆಲೆಗೆ ತಕ್ಕ ಪಾರ್ಕಿಂಗ್ ಶುಲ್ಕವಿರಬೇಕೆಂದು ಬರೆದಿದೆ. ಅಹಮದಾಬಾದ್ ಕಾರ್ಪೊರೇಶನ್ನೂ 2021ರಲ್ಲಿ ಪಾರ್ಕಿಂಗ್ ನೀತಿಯೊಂದನ್ನು ಮುಂದಿಟ್ಟು, ಗಾಡಿ ಕೊಳ್ಳುವವನು ಜಾಗದ ಪುರಾವೆ ಕೊಡಬೇಕೆಂಬ ಮಾತನ್ನಾಡಿತು. ಮಾತೇನೋ ಚೆನ್ನು. ಬೋಪಾಲಿನ ಬೀದಿಯಲ್ಲಿ ಅದರ ಗಾಳಿ ಬೀಸಿದ್ದನ್ನು ನಾವು ಕಾಣೆವು.

ಈ ಊರಿಗೆ ಲೆಕ್ಕ ಹಾಕುವ ವಿದ್ಯೆ ಗೊತ್ತಿಲ್ಲವೆಂದಲ್ಲ. 1861ರಲ್ಲಿ ರಣಛೋಡಲಾಲರ ಮೊದಲ ಮಿಲ್ಲು ಹೊಗೆಯುಗುಳಿದಂದಿನಿಂದ ಇದು ಕೆಲಸಗಾರರ ಊರು. ಗೋಮತಿಪುರ, ರಖಿಯಾಲ್, ಸರಸಪುರದ ಚಾಲುಗಳು ಮಿಲ್ಲಿನ ಸೀಟಿ ಕೇಳಿಸುವಷ್ಟು ದೂರದಲ್ಲಿ ಎದ್ದವು. ಅವು ಸ್ವರ್ಗವಾಗಿರಲಿಲ್ಲ, ಆದರೆ ಕೆಲಸಗಾರ ನಡೆದು ಬರುವನೆಂಬುದನ್ನು ಆಗಿನವರು ತಿಳಿದಿದ್ದರು. 1948ರ ಕಾರ್ಖಾನೆ ಕಾಯಿದೆ ಬಂದಾಗ 250ಕ್ಕೆ ಮಿಕ್ಕಿ ಕೆಲಸಗಾರರಿದ್ದರೆ ಕ್ಯಾಂಟೀನು, 150ಕ್ಕೆ ಮಿಕ್ಕಿದ್ದರೆ ವಿಶ್ರಾಂತಿಯ ಕೋಣೆ ಎಂದು ಗೊತ್ತುಪಡಿಸಿತು. ಅಲ್ಲಿ ಎಣಿಸಿದ್ದು ತಲೆಯನ್ನು. ಇಂದಿನ ಕಟ್ಟಡ ನಿಯಮ ಎಣಿಸುವುದು ಚದರ ಮೀಟರನ್ನು. ಹೋಟೆಲಿನಲ್ಲಿ ಎಷ್ಟು ಮಂದಿ ದುಡಿಯುತ್ತಾರೆ, ಅವರು ಯಾವುದರಲ್ಲಿ ಬರುತ್ತಾರೆ ಎಂದು ಪರವಾನಗಿಯ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ.

1980ರ ದಶಕದಿಂದ ಮಿಲ್ಲುಗಳು ಒಂದೊಂದಾಗಿ ಮುಚ್ಚಿ ಸುಮಾರು ಲಕ್ಷ ಮಂದಿ ಬೀದಿಗೆ ಬಿದ್ದರು. ನಮ್ಮ ಸಂಘದ ಹಿರಿಯರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಹಳೆಯ ಮಿಲ್ಲಿನ ಅಂಗಳಗಳಲ್ಲಿ ಏನೇನು ಎದ್ದಿತೆಂಬುದನ್ನು ಮುಂಬಯಿಯ ಲೋವರ್ ಪರೇಲಿಗೆ ಹೋಗಿ ಬಂದವರೂ ಬಲ್ಲರು. ಅಲ್ಲಿ ಸಾರ್ವಜನಿಕ ಪಾರ್ಕಿಂಗ್ ಕಟ್ಟಿಕೊಟ್ಟ ಬಿಲ್ಡರನಿಗೆ ಹೆಚ್ಚುವರಿ ಮಾಳಿಗೆ ಏರಿಸುವ ಅನುಮತಿ ಸಿಕ್ಕಿತು. ಕಾರಿನ ಹೆಸರಿನಲ್ಲಿ ಆಕಾಶವೂ ಮಾರಾಟಕ್ಕೆ ಬಂತು. ಇನ್ನು ಇಲ್ಲಿ 2009ರಲ್ಲಿ ಬಿ.ಆರ್.ಟಿ.ಎಸ್. ಬಸ್ಸು ಓಡತೊಡಗಿದಾಗ ಕೆಲವೆಡೆ ಸೈಕಲಿನವರಿಗೆಂದೇ ಬೇರೆ ದಾರಿ ಮಾಡಿದ್ದರು. ನಮ್ಮವರು ಹಿಗ್ಗಿದ್ದರು. ಆ ದಾರಿಯ ಮೇಲೂ ಗಾಡಿ ನಿಂತವು; ಸೈಕಲು ಮತ್ತೆ ಬಸ್ಸು ಲಾರಿಗಳ ನಡುವೆ ಬಿತ್ತು. ಮೆಟ್ರೋ ರೈಲು ಥಲ್ತೇಜಿನ ತನಕ ಬಂದಿದೆ. ಅಲ್ಲಿಂದ ಬೋಪಾಲಿಗೆ ಬರಬೇಕಾದವನು ತನ್ನ ದಾರಿ ತಾನು ನೋಡಿಕೊಳ್ಳಬೇಕು.

ನಮ್ಮಲ್ಲೂ ಮೋಟಾರು ಸೈಕಲು ಉಳ್ಳವರಿದ್ದಾರೆ, ಈ ಲೇಖನ ಓದಿ ಅವರಿಗೆ ಕಸಿವಿಸಿಯಾಗಬಹುದು. ಕಂತಿನಲ್ಲಿ ಗಾಡಿ ಕೊಂಡವನನ್ನು ನಾವು ಹಂಗಿಸುವುದಿಲ್ಲ. ರಾತ್ರಿ ಹನ್ನೊಂದೂವರೆಗೆ ಬಸ್ಸಿಲ್ಲದ ಊರಿನಲ್ಲಿ ಅವನು ಮತ್ತೇನು ಮಾಡಬೇಕು? ಅವನ ಗಾಡಿ ಮೋಜಿಗಲ್ಲ, ಬಸ್ಸಿಲ್ಲದ್ದಕ್ಕೆ ಅವನು ತೆರುವ ದಂಡ. ಆ ಗಾಡಿಯನ್ನಾದರೂ ಎಲ್ಲಿ ನಿಲ್ಲಿಸುತ್ತಾನೆ? ಹೋಟೆಲಿನ ಮುಂದಿನ ಜಾಗ ಗಿರಾಕಿಗೆ ಮೀಸಲು. ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಿದರೆ ಸೊಸೈಟಿಯ ಕಾವಲಿನವನು ಗಾಳಿ ಬಿಡುತ್ತಾನೆ, ರಸ್ತೆಯಲ್ಲಿ ನಿಲ್ಲಿಸಿದರೆ ಟೋಯಿಂಗ್ ಗಾಡಿ ಎತ್ತುತ್ತದೆ. ಬಿಡಿಸಿಕೊಳ್ಳುವ ದಂಡಕ್ಕೆ ಆ ದಿನದ ದುಡಿಮೆ ಸಾಲದು.

ಆದುದರಿಂದ ಬೋಪಾಲಿನ ವಿಷಯದಲ್ಲಿ ನಮ್ಮ ಸಂಘ ಕಾರ್ಪೊರೇಶನ್ನಿನ ಮುಂದೆ ಇಡಬೇಕಾದ ಬೇಡಿಕೆ ಇದು. ಹೋಟೆಲಿಗೂ ಮಾಲಿಗೂ ಪರವಾನಗಿ ಕೊಡುವಾಗ ಕೆಲಸಗಾರರ ತಲೆಯೆಣಿಕೆ ಹಿಡಿದು ಅವರ ಸೈಕಲು ಮೋಟಾರು ಸೈಕಲುಗಳಿಗೆ ಮಾಡು ಇರುವ ಸ್ಟ್ಯಾಂಡು ಕಡ್ಡಾಯವಾಗಬೇಕು. ಒಂದು ಕಾರಿನ ಜಾಗದಲ್ಲಿ ಹತ್ತು ಸೈಕಲಾದರೂ ನಿಲ್ಲುತ್ತವೆ, ಮಾಲಕರು ಮುಳುಗಿಹೋಗುವುದಿಲ್ಲ. ರಸ್ತೆ ಬದಿಯ ಕಾರಿಗೆ ಗಂಟೆಯ ಲೆಕ್ಕದಲ್ಲಿ, ನೆಲದ ಬೆಲೆಗೆ ತಕ್ಕ ಶುಲ್ಕ ಬೀಳಬೇಕು; ಬಂದ ಹಣ ಬೋಪಾಲಿನಿಂದ ಪೂರ್ವದ ಚಾಲುಗಳ ಕಡೆಗೆ ಹೋಟೆಲು ಮುಚ್ಚಿದ ಬಳಿಕ ಹೊರಡುವ ರಾತ್ರಿ ಬಸ್ಸಿಗೆ ಹೋಗಬೇಕು, ಕಾರ್ಪೊರೇಶನ್ನಿನ ದೊಡ್ಡ ಥೈಲಿಗಲ್ಲ. ಪಾರ್ಕಿಂಗಿನ ತಪ್ಪಿಗಾಗಿ ಸೀಲು ಬಿದ್ದರೆ ಆ ದಿನಗಳ ಪಗಾರ ಮಾಲಕರದೇ ಹೊಣೆ. ನೆಲಮಾಳಿಗೆ ತೆರವು ಮಾಡಿಸುವ ನೋಟೀಸಿನಲ್ಲಿಯೇ ಅಲ್ಲಿ ಮಲಗುವವರ ಕೋಣೆಯ ಏರ್ಪಾಡು ತೋರಿಸಬೇಕು. ಮತ್ತು ಟಿ.ಪಿ. ಸ್ಕೀಮಿನ ಆ ಹತ್ತು ಪಾಲಿನ ನೆಲ ಬೋಪಾಲು ಘೂಮಾಗಳಲ್ಲಿ ಯಾವ ಯಾವ ನಂಬರಿನ ನಿವೇಶನದಲ್ಲಿದೆ, ಅದರ ಮೇಲೆ ಮನೆ ಎದ್ದಿದೆಯೇ, ಗಾಡಿ ನಿಂತಿದೆಯೇ ಎಂಬುದನ್ನು ಪ್ರಕಟಿಸಬೇಕು. ಇಷ್ಟನ್ನು ಕೇಳಲು ಹೊಸ ಕಾಯಿದೆ ಬೇಡ. ಮಾಹಿತಿ ಹಕ್ಕಿನ ಒಂದು ಅರ್ಜಿ ಸಾಕು, ಅದನ್ನು ಸಂಘದ ವತಿಯಿಂದ ಹಾಕುವುದಾಗಬೇಕು.

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಈ ಊರಿಗೆ ಬರಲಿದೆ. ಅದರ ಹೆಸರಿನಲ್ಲಿ ರಸ್ತೆ ಅಗಲವಾಗುತ್ತದೆ, ಪಾರ್ಕಿಂಗಿನ ಮಹಲುಗಳ ಮಾತೂ ಏಳುತ್ತದೆ, ಬೀದಿಯಿಂದ ಯಾರನ್ನು ಎಬ್ಬಿಸಬೇಕೆಂಬ ಪಟ್ಟಿಯೂ ಆಗುತ್ತದೆ. ಆಗ ಲೆಕ್ಕವಿಲ್ಲದೆ ಬಾಯಿಮಾತಿನಲ್ಲಿ ವಾದಿಸಲು ಹೋದರೆ ನಮ್ಮನ್ನು ಕೇಳುವವರಾರು? ಬೋಪಾಲು, ಘೂಮಾ, ಆಂಬ್ಲಿಯ ಪ್ರತಿ ಹೋಟೆಲಿನಿಂದ ಒಬ್ಬ ಸದಸ್ಯ ಒಂದು ಹಾಳೆಯಲ್ಲಿ ಬರೆದು ತರಲಿ: ಕೆಲಸಗಾರರು ಎಷ್ಟು, ನಡೆದು ಬರುವವರು ಎಷ್ಟು, ಸೈಕಲಿನವರು ಎಷ್ಟು, ಮೋಟಾರು ಸೈಕಲಿನವರು ಎಷ್ಟು, ರಾತ್ರಿ ಎಷ್ಟು ಗಂಟೆಗೆ ಬಿಡುತ್ತಾರೆ, ಎಲ್ಲಿ ಮಲಗುತ್ತಾರೆ. ಹೋಟೆಲಿನ ಹೆಸರು ಬರೆಯಲು ಅಂಜಿಕೆಯಿದ್ದರೆ ಬಿಡಬಹುದು, ರಸ್ತೆಯ ಹೆಸರು ಸಾಕು. ಕನ್ನಡ ಬರೆಯಲು ಬಾರದವರು ಹಿಂದಿಯಲ್ಲೋ ಗುಜರಾತಿಯಲ್ಲೋ ಬರೆಸಿದರೂ ನಡೆದೀತು. ರಜೆಯ ದಿನ ಮಧ್ಯಾಹ್ನ ಸಂಘದ ಕೋಣೆ ತೆರೆದಿರುತ್ತದೆ. ಹಾಳೆಗಳನ್ನು ಅಲ್ಲಿ ಕೊಡತಕ್ಕದ್ದು.